ಹಸಿದ ಕೌದಿ

ನಮ್ಮ ಕೇಂದ್ರದ ಹೆಂಗಸರು ನಗುತ್ತಿರಲಿಲ್ಲ. ನಗಬಾರದೆಂಬ ನಿಯಮವೇನೂ ಇರಲಿಲ್ಲ. ನಕ್ಕರೆ ಬಿಡುಗಡೆ ಮುಂದಕ್ಕೆ ಹೋಗುತ್ತಿತ್ತು, ಅಷ್ಟೇ.

ಇದು ಹೇಗೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಿಕ್ಷೆಯನ್ನು ಕ್ಯಾಲೆಂಡರಿನಿಂದ ಅಳೆಯುವುದು ಅನ್ಯಾಯ ಎಂದು ಮನವರಿಕೆಯಾಗಿ ಸರ್ಕಾರ ಅನುಭವ ಕಾಲ ಕಾಯ್ದೆ ತಂದಿತ್ತು. ಮೊಲೆಹಾಲು ಕುಡಿಯುವ ಕೂಸನ್ನು ಹೊರಗೆ ಬಿಟ್ಟು ಬಂದವಳಿಗೆ ಒಂದು ದಿನವೆಂದರೆ ಒಂದು ವಾರ. ಮನೆಯಲ್ಲಿ ದಿನಾ ಹೊಡೆತ ತಿನ್ನುತ್ತಿದ್ದವಳಿಗೆ ಇಲ್ಲಿಯ ಒಂದು ವಾರ ಒಂದು ದಿನ. ಇಬ್ಬರಿಗೂ ಒಂದು ವರ್ಷ ಎಂದು ಬರೆದರೆ ಇಬ್ಬರಿಗೂ ಒಂದೇ ಶಿಕ್ಷೆ ಕೊಟ್ಟಂತಾಯಿತೇ? ಆದ್ದರಿಂದ ಕೈದಿ ಅನುಭವಿಸಿದ ಕಾಲವನ್ನೇ ಎಣಿಸಬೇಕು ಎಂದಿತು ಕಾಯ್ದೆ.

ಎಣಿಸುವ ಉಪಕರಣ ಧಾರವಾಡದ ಡಾ. ಗುರುರಾಜ ಕಟ್ಟಿಯವರದು. ಹುಣಸೆಬೀಜದಷ್ಟು ದೊಡ್ಡದೊಂದು ಬಿಲ್ಲೆ; ಅದನ್ನು ಕಿವಿಯ ಹಿಂದೆ ಅಂಟಿಸುತ್ತಾರೆ. ಅವರು ನನಗೆ ವಿವರಿಸಿದ್ದು ಹೀಗೆ: ಮಿದುಳು ತನ್ನ ಕೆಲಸದ ನಡುವೆ ಆಗಾಗ ಕಾಲದ ಕಡೆ ಹೊರಳಿ ನೋಡುತ್ತದೆ. ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ ಪದೇ ಪದೇ ನೋಡುತ್ತದೆ. ಮಾತಿನಲ್ಲೋ ಕೆಲಸದಲ್ಲೋ ಮುಳುಗಿದಾಗ ನೋಡುವುದನ್ನೇ ಮರೆಯುತ್ತದೆ. ಹಾಗೆ ಹೊರಳಿದಾಗಲೆಲ್ಲ ಒಂದು ಸಣ್ಣ ಮಿಡಿತ ಏಳುತ್ತದೆ. ಬಿಲ್ಲೆ ಆ ಮಿಡಿತಗಳನ್ನು ಎಣಿಸಿ ನಿಯಂತ್ರಣ ಕೊಠಡಿಗೆ ಕಳಿಸುತ್ತದೆ.

ಆ ಕೊಠಡಿಯಲ್ಲಿ ಕೂರುವವಳು ನಾನು, ಇಂದುಮತಿ. ಗದಗಿನ ಹೊರಗೆ, ಗಾಳಿಯಂತ್ರಗಳ ಗುಡ್ಡದ ಕೆಳಗೆ ನಮ್ಮ ಮಹಿಳಾ ಸುಧಾರಣಾ ಕೇಂದ್ರ. ಪರದೆಯ ಮೇಲೆ ಪ್ರತಿಯೊಬ್ಬಳಿಗೂ ಎರಡು ಗೆರೆ. ನೀಲಿ ಗೆರೆ ಗೋಡೆಯ ಗಡಿಯಾರದ್ದು, ಎಲ್ಲರಿಗೂ ಒಂದೇ. ಕೆಂಪು ಗೆರೆ ಅವಳವಳ ಒಳಗಿನದು. ಕೆಂಪು ಮೇಲಿದ್ದರೆ ಶಿಕ್ಷೆ ಬೇಗ ಕರಗುತ್ತಿದೆ ಎಂದರ್ಥ, ಕೆಳಗಿದ್ದರೆ ನಿಧಾನವಾಗಿ.

ಕಾಯ್ದೆ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಮೊದಲ ವರ್ಷ ಮುದುಕಿಯರು, ಬಾಣಂತಿಯರು ಬೇಗ ಬೇಗ ಮನೆಗೆ ಹೋದರು. ನಾವು ಪೇಢೆ ಹಂಚಿದೆವು. ಆಮೇಲೆ ಒಳಗಿದ್ದವರಿಗೆ ಅದರ ಮರ್ಮ ತಿಳಿಯಿತು. ಹೊಲಿಗೆ ಕೊಠಡಿ ಖಾಲಿಯಾಯಿತು. ಅಲ್ಲಿ ಕೂತರೆ ಹೊತ್ತು ಹೋಗಿಬಿಡುತ್ತಿತ್ತಲ್ಲ! ಭಜನೆ ನಿಂತಿತು. ಕೈತೋಟದಲ್ಲಿ ಹೀರೆಬಳ್ಳಿ ಒಣಗಿತು. ಬೇಸರಪಡುವುದೇ ಅಲ್ಲಿಯ ಮುಖ್ಯ ಕೆಲಸವಾಯಿತು, ಅದನ್ನು ಕಲಿಸಲು ಒಬ್ಬ ಗುರುವೂ ಹುಟ್ಟಿಕೊಂಡಳು.

ಆಕೆ ತಿಪ್ಪವ್ವ. ಬ್ಯಾರಕ್ಕಿನ ಹಿರಿಯಳು. ಹೊಸಬಳು ಬಂದ ದಿನವೇ ಗೋಡೆಯ ಮುಂದೆ ಕೂರಿಸಿಕೊಂಡು ಪಾಠ ಶುರು.

"ಕುಂದರು. ಗ್ವಾಡಿ ನೋಡು. ಅಲ್ಲೊಂದು ಬಿರುಕು ಐತಲ್ಲ, ಅದನ್ನ ನೋಡಬ್ಯಾಡ. ಅದು ಹಾವಿನಂಗ ಕಾಣತೈತಿ, ಹೊತ್ತು ಹೊಕ್ಕೈತಿ. ಬರೇ ಸುಣ್ಣ ನೋಡು."

"ಎಷ್ಟೊತ್ತು ನೋಡ್ಲಿ ಯವ್ವಾ?"

"ಎಷ್ಟೊತ್ತು ಅಂತ ಕೇಳಿದಿಯಲ್ಲ, ಹಂಗ ಕೇಳ್ಕೋಂತ ಕುಂದರು. ಅದ ಪಾಠ."

ಯಾರಾದರೂ ಕಿಸಕ್ಕೆಂದರೆ ತಿಪ್ಪವ್ವ ಸಿಡಿಯುತ್ತಿದ್ದಳು. "ನಕ್ಕೊಂಡ ಸಾಯ್ರಿ! ಹೊರಗ ನಿಮ್ಮ ಮಕ್ಕಳು ಗೇಟಿನ ದಾರಿ ನೋಡಾಕತ್ತಾವು, ಒಳಗ ನೀವು ಹಲ್ಲು ಕಿಸ್ಕೋಂತ ಕುಂತೀರಿ."

ಅವಳ ಎಲ್ಲ ಶಿಷ್ಯೆಯರಲ್ಲಿ ಶ್ರೇಷ್ಠಳೆಂದರೆ ಫಕೀರವ್ವ. ಲಕ್ಷ್ಮೇಶ್ವರದ ಕಡೆಯ ಹಳ್ಳಿಯವಳು, ಗಂಡ ಇಲ್ಲ. ನಳದ ಮುಂದೆ ಕೊಡದ ಸರದಿಗಾಗಿ ನಡೆದ ಜಗಳದಲ್ಲಿ ನೆರೆಮನೆಯ ಪಾರವ್ವನನ್ನು ನೂಕಿದ್ದಳು. ಪಾರವ್ವ ಬಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಏಳಲಿಲ್ಲ. ನ್ಯಾಯಾಲಯ ಫಕೀರವ್ವನಿಗೆ ಮೂರು ವರ್ಷ ಕೊಟ್ಟಿತು. ಒಳಗೆ ಬಂದಾಗಿನಿಂದ ಆಕೆ ಗೋಡೆ ನೋಡುತ್ತ ಕೂತವಳು. ಅವಳ ಕೆಂಪು ಗೆರೆ ಬಿಸಿಲಿಗೆ ಕಾದ ತಂತಿಯಂತೆ ಮೇಲೇರಿ ನಿಂತಿರುತ್ತಿತ್ತು.

ಆಕೆಗೆ ಅವಸರವಿತ್ತು. ಒಬ್ಬಳೇ ಮಗಳು ಕಮಲಾಕ್ಷಿ ಚೊಚ್ಚಲ ಬಸುರಿ, ಯುಗಾದಿ ಹೊತ್ತಿಗೆ ಹೆರಿಗೆ. ಗಂಡನ ಮನೆಯಲ್ಲಿ ಅತ್ತೆಯೂ ಇಲ್ಲ. ಚೊಚ್ಚಲ ಹೆರಿಗೆ ತವರಿನದು; ಆದರೆ ತವರಿನ ಬಾಗಿಲಿಗೆ ಬೀಗ ಬಿದ್ದಿತ್ತು. ನಾನು ಲೆಕ್ಕ ಹಾಕಿದೆ. ತಪ್ಪಿರಬಹುದೆಂದು ಮತ್ತೆ ಹಾಕಿದೆ. ಫಕೀರವ್ವ ಹೀಗೆಯೇ ಬೇಸರಪಡುತ್ತ ಕೂತರೆ ಯುಗಾದಿಗೆ ಸ್ವಲ್ಪ ಮೊದಲು ಅವಳ ಶಿಕ್ಷೆ ತೀರುತ್ತಿತ್ತು. ಬಹಳ ಬಿಗಿಯಾದ ಲೆಕ್ಕ, ಆದರೂ ಕೂಡಿಬರುವಂತಿತ್ತು.

* * *

ಬಿಡುಗಡೆ ಹತ್ತಿರವಾದವರ ಮನೆಗೆ ಹೋಗಿ, ಕರೆದುಕೊಳ್ಳಲು ಯಾರಿದ್ದಾರೆ ಎಂದು ನೋಡಿ ಬರುವುದೂ ನನ್ನ ಕೆಲಸವಾಗಿತ್ತು. ದೀಪಾವಳಿ ಮುಗಿದ ವಾರ ಬೆಟಗೇರಿಯಲ್ಲಿದ್ದ ಕಮಲಾಕ್ಷಿಯ ಬಾಡಿಗೆ ಮನೆಗೆ ಹೋದೆ. ಒಂದೇ ಕೋಣೆ. ಆಕೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಕಾಲು ನೀಡಿ ಕೂತಿದ್ದಳು. ಕಾಲು ಬಾತಿದ್ದವು.

"ಬರ್ರಿ ಅಕ್ಕಾರ. ಅವ್ವ ಆರಾಮ ಅದಾಳ?"

"ಆರಾಮ ಅದಾಳ. ದಿನಾ ಹೆಂಗ ಹೊಂಟಾವು?"

"ಹೊಂಟರ ಹೇಳಬೇಕಲ್ರಿ. ತೋಯ್ಸಿದ ಕೌದಿ ಕೆರಿಯಿಂದ ಎಳದಂಗ ಒಂದೊಂದು ದಿನ ಎಳೀತೀನಿ. ಇವ್ರು ಮುಂಜಾನೆ ಗ್ಯಾರೇಜಿಗೆ ಹೋದ್ರ ಸಂಜಿ ಆಗೂದ ಇಲ್ಲರಿ. ನಿಮ್ಮ ಆ ಬಿಲ್ಲೆ ನನಗೂ ಒಂದು ಹಚ್ಚರಿ, ಅವ್ವನ ಶಿಕ್ಷಾದಾಗ ನಂದೂ ಒಂದೀಟು ಕಳದ್ರ ಕಳೀಲಿ."

ನಗಲೆಂದು ಹೇಳಿದ ಮಾತು. ನನಗೆ ನಗು ಬರಲಿಲ್ಲ. ಹಾಗೆ ಕಳೆಯುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಹೊರಡುವಾಗ ಆಕೆ ಒಂದು ಗಂಟು ತಂದು ನನ್ನ ಮಡಿಲಲ್ಲಿಟ್ಟಳು. ಒಳಗೆ ಹಳೆಯ ಬಟ್ಟೆಗಳು: ಅಜ್ಜಿಯ ಕರಿಯ ಸೀರೆ, ಅಪ್ಪನ ಧೋತರ, ತನ್ನದೇ ಶಾಲೆಯ ಲಂಗ, ಹಸಿರು ಅಂಚಿನದೊಂದು ಸೀರೆ.

"ಈ ಹಸರಂಚಿಂದು ಯಾರದೋ ಗೊತ್ತಿಲ್ಲರಿ. ಅವ್ವನ ಪೆಟಗಿ ತಳದಾಗಿತ್ತು. ಕೂಸಿಗೆ ಕೌದಿ ಹೊಲಿ ಅಂತ ಹೇಳ್ರಿ. ಅವ್ವ ಹೊಲದ ಕೌದಿ ಇಲ್ಲಂದ್ರ ಕೂಸಿನ್ನ ಎದರ ಮ್ಯಾಲ ಹಾಕಲಿ?"

ನಾನು ಬಾಯಿ ತೆರೆದೆ. ನಿನ್ನವ್ವ ಹೊಲಿಯಲು ಕೂತರೆ ಯುಗಾದಿಗೆ ಬರಲಾರಳು ಎಂದು ಹೇಳಬೇಕಿತ್ತು. ಆಕೆಯ ಮುಖ ನೋಡಿ ಹೇಳಲಾಗಲಿಲ್ಲ. ಬಸ್ಸಿನುದ್ದಕ್ಕೂ ಆ ಗಂಟನ್ನು ಕೊಡಲೋ ಬೇಡವೋ ಎಂದು ಯೋಚಿಸಿದೆ. ಕೊಟ್ಟರೆ ತಪ್ಪು, ಕೊಡದಿದ್ದರೆ ಕಳ್ಳತನ. ಕೊನೆಗೆ ಕೊಡುವುದು, ಆದರೆ ಎಲ್ಲವನ್ನೂ ಬಿಡಿಸಿ ಹೇಳುವುದು ಎಂದು ನಿರ್ಧರಿಸಿದೆ.

ಹೇಳಿದೆ ಕೂಡ. "ಫಕೀರವ್ವ, ಇದನ್ನ ಹೊಲಿಯಾಕ ಕುಂತ್ರ ನಿನ್ನ ಗೆರಿ ಕೆಳಗ ಬೀಳತೈತಿ. ಯುಗಾದಿ ಹೋಗಿ ಕಾರ ಹುಣ್ಣಿವಿ ಆಗಬಹುದು. ಮನಿಗೆ ಹೋಗಿ ಹೊಲಿ."

ಫಕೀರವ್ವ ಗಂಟನ್ನು ಬಿಚ್ಚಲಿಲ್ಲ. ಮೂಗಿಗೆ ಹಿಡಿದು ಮೂಸಿದಳು. ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು.

"ಅಕ್ಕಾರ, ಗ್ವಾಡಿ ನೋಡಿ ನೋಡಿ ನನ್ನೊಳಗ ಏನೂ ಉಳದಿಲ್ಲರಿ. ನಿನ್ನಿ ಮಗಳ ಮಾರಿ ನೆನಸ್ಕೋಬೇಕಂದ್ರ ಸುಣ್ಣ ಕಾಣ್ತು. ಇಂಥಾಕಿ ಮನಿಗೆ ಹೋಗಿ ಯಾವ ಬಾಣಂತನ ಮಾಡ್ಲಿ?" ಎಂದಳು. ಆಮೇಲೆ ತಾನೇ ಒಂದು ಉಪಾಯ ಹುಡುಕಿದಳು. "ಹಿಂಗ ಮಾಡೂನು. ದಿನಾ ಎರಡ ತಾಸು ಹೊಲಿತೀನಿ. ಉಳದ ದಿನಾ ಪೂರಾ ಬ್ಯಾಸರ ಮಾಡ್ಕೋತೀನಿ. ಗಟ್ಟಿ ಬ್ಯಾಸರ ಮಾಡ್ಕೋತೀನ್ರಿ."

* * *

ಹೊಲಿಗೆ ಕೊಠಡಿಯ ಬಾಗಿಲು ಒಂದು ವರ್ಷದ ಮೇಲೆ ತೆರೆಯಿತು. ಸೂಜಿ ಬೆಳಿಗ್ಗೆ ಎರಡು ತಾಸು ಮಾತ್ರ ಕೈಗೆ ಸಿಗುತ್ತಿತ್ತು; ಆಮೇಲೆ ಕಾವಲಿನವರು ಎಣಿಸಿ ವಾಪಸು ತೆಗೆದುಕೊಳ್ಳುತ್ತಿದ್ದರು. ಅಜ್ಜಿಯ ಕರಿಸೀರೆಯನ್ನು ಪದರು ಪದರಾಗಿ ಹಾಸಿ, ಮೂಲೆಯಿಂದ ತೇಪೆಗಳನ್ನು ಇಡುತ್ತ, ಸಣ್ಣ ಸಣ್ಣ ಹೊಲಿಗೆಯಲ್ಲಿ ಸುತ್ತು ಬರುತ್ತ ಫಕೀರವ್ವ ನಡುವಿನ ಕಡೆ ಸಾಗುತ್ತಿದ್ದಳು.

ಪರದೆಯ ಮೇಲೆ ಆ ಎರಡು ತಾಸು ಕೆಂಪು ಗೆರೆ ನೆಲ ಕಚ್ಚುತ್ತಿತ್ತು. ಅದಕ್ಕೆ ನಾನು ಸಿದ್ಧಳಾಗಿದ್ದೆ. ಆದರೆ ಸೂಜಿ ವಾಪಸು ಕೊಟ್ಟ ಮೇಲೂ ಗೆರೆ ಏಳಲಿಲ್ಲ. ಕ್ಯಾಮೆರಾದಲ್ಲಿ ನೋಡಿದರೆ ಫಕೀರವ್ವ ಮಾತಿಗೆ ತಪ್ಪದೆ ಗೋಡೆಯ ಮುಂದೆಯೇ ಕೂತಿದ್ದಳು. ಬಿಲ್ಲೆ ಕೆಟ್ಟಿರಬೇಕೆಂದು ಬದಲಾಯಿಸಿದೆ. ಹೊಸ ಬಿಲ್ಲೆಯೂ ಅದನ್ನೇ ಹೇಳಿತು.

"ಬ್ಯಾಸರ ಮಾಡ್ಕೊಳ್ಳವಲ್ಲಿ ಏನು?" ಎಂದು ಕೇಳಿದೆ.

"ಮಾಡ್ಕೋಬೇಕಂತ ಕುಂದರ್ತೀನ್ರಿ. ಗ್ವಾಡಿ ಮ್ಯಾಲ ತ್ಯಾಪಿ ಕಾಣತಾವು. ಈ ಧೋತರದ ಬಾಜೂಕ ಲಂಗದ ಕೆಂಪು ಇಟ್ರ ಹೆಂಗ, ಹಸರು ಇಟ್ರ ಹೆಂಗ ಅಂತ ನೋಡೂದ್ರಾಗ ಊಟದ ಗಂಟಿ ಹೊಡದಬಿಡ್ತಾರ್ರಿ."

ತಿಪ್ಪವ್ವ ಶಿಷ್ಯೆಯನ್ನು ಕೈಬಿಟ್ಟಳು. "ಕೆಟ್ಟಿ ನೀನು. ಕೂಸು ಶಾಲಿಗೆ ಹೋಗೂಮುಂದ ಹೊರಗ ಹೊಕ್ಕಿ, ಪಾಟಿಚೀಲ ಹೊರಾಕ" ಎಂದಳು. ಆದರೆ ಹೊಲಿಗೆ ಕೊಠಡಿಯ ಕಿಟಕಿಯ ಬಳಿ ಆಕೆ ದಿನಕ್ಕೊಂದು ಸಲವಾದರೂ ಸುಳಿದು ಹೋಗುವುದನ್ನು ನಾನು ನೋಡಿದ್ದೆ.

ಲೆಕ್ಕ ಮತ್ತೆ ಹಾಕಿದೆ. ಬಿಡುಗಡೆ ಯುಗಾದಿಯಿಂದ ಜಾರಿತು. ಬಸವ ಜಯಂತಿಯನ್ನು ದಾಟಿತು. ಕಾರ ಹುಣ್ಣಿಮೆಯ ಹತ್ತಿರ ಹೋಗಿ ನಿಂತಿತು. ಗಂಟನ್ನು ಕೊಟ್ಟ ಕೈ ನನ್ನದು.

ಸಂಕ್ರಾಂತಿಯ ಮರುದಿನ ಕೌದಿ ಮುಗಿಯಿತು. ಮಾರನೆಯ ಬೆಳಿಗ್ಗೆ ಅದನ್ನು ಕಮಲಾಕ್ಷಿಗೆ ಕಳಿಸಬೇಕಿತ್ತು. ಗೇಟಿನಲ್ಲಿ ಕಾವಲಿನವಳು ಕೌದಿಯನ್ನು ಕೈಯಿಂದ ಒತ್ತಿ ಒತ್ತಿ ನೋಡಿದಳು. ನಟ್ಟನಡುವೆ, ಕೊನೆಯ ತೇಪೆಯ ಕೆಳಗೆ, ಏನೋ ಗಟ್ಟಿಯಾಗಿ ಕೈಗೆ ಹತ್ತಿತು.

* * *

ನಮ್ಮ ಅಧೀಕ್ಷಕಿ ರೋಸಲಿನ್ ಮೇಡಂ ಮಂಗಳೂರಿನವರು. ಕಟ್ಟುನಿಟ್ಟು, ಆದರೆ ಕೆಟ್ಟವರಲ್ಲ. ಕೌದಿಯನ್ನು ನಿಯಂತ್ರಣ ಕೊಠಡಿಯ ಮೇಜಿನ ಮೇಲೆ ಹಾಸಿ, ನಡುವಿನ ತೇಪೆಯನ್ನು ಬ್ಲೇಡಿನಿಂದ ಬಿಡಿಸಿದರು. ಒಳಗಿಂದ ಕಂದು ಬಣ್ಣದ ಒಂದು ಒಣ ಚೂರು ಬಿತ್ತು.

"ಎಂತದ್ದು ಮಾರಾಯ್ತಿ ಇದು?"

"ಸಜ್ಜಿ ರೊಟ್ಟಿ ರೀ" ಎಂದಳು ಫಕೀರವ್ವ. "ಸಂಕ್ರಾಂತಿ ಊಟದಾಗ ಕೊಟ್ಟಿದ್ರಲ್ಲ."

"ರೊಟ್ಟಿ ಅಂತ ಕಾಣ್ತದೆ ನನಗೂ. ಕೌದಿಯ ಒಳಗೆ ಯಾಕೆ ಹೊಲಿದದ್ದು? ಯಾರಿಗೆ ಕಳಿಸ್ಲಿಕ್ಕೆ?"

"ಕೌದಿಗೇ ರೀ. ಹೊಟ್ಟಿ ತುಂಬ್ಸದ ಕೌದಿ ಮುಗಸಬಾರದ್ರಿ. ಹಸದ ಕೌದಿ ಹೊತಗೊಂಡ ಕೂಸು ರಾತ್ರಿ ಪೂರಾ ಅಳತೈತಿ."

ಮೇಡಂ ನನ್ನ ಕಡೆ ನೋಡಿದರು. ಹೌದು, ನಮ್ಮ ಅಜ್ಜಿಯೂ ಹೀಗೆ ಮಾಡುತ್ತಿದ್ದಳು ಎಂದೆ. ಆದರೂ ಕೇಂದ್ರದಿಂದ ಹೊರಹೋಗುವ ವಸ್ತುವಿನಲ್ಲಿ ಏನನ್ನಾದರೂ ಅಡಗಿಸುವುದು ದೊಡ್ಡ ಅಪರಾಧ. ಅದು ರುಜುವಾತಾದರೆ ಶಿಕ್ಷೆಗೆ ಆರು ತಿಂಗಳು ಸೇರುತ್ತಿತ್ತು. ಮೇಡಂ ನಿಟ್ಟುಸಿರು ಬಿಟ್ಟು ಹೇಳಿದರು: "ಕ್ರಮಪ್ರಕಾರ ಹೇಳಿಕೆ ತೆಗೀಬೇಕಾಗ್ತದೆ. ಒಂದೊಂದು ತುಂಡು ಎಲ್ಲಿಂದ ಬಂತು, ಯಾವಾಗ ಹೊಲಿದದ್ದು, ಎಲ್ಲ ಹೇಳಲಿ. ಆಮೇಲೆ ನೋಡುವ."

ಹೇಳಿಕೆ ತೆಗೆಯುವಾಗ ಬಿಲ್ಲೆಯ ಎಣಿಕೆಯನ್ನು ನಿಲ್ಲಿಸಬೇಕು. ವಿಚಾರಣೆಯ ಭಯ ಲೆಕ್ಕವನ್ನು ಕೆಡಿಸಬಾರದಲ್ಲ. ನಾನು ಗುಂಡಿ ಒತ್ತಿ ನಿಲ್ಲಿಸಿದೆ. ನಿಂತಿದೆಯೇ ಎಂದು ನೋಡಿದೆ. ಮತ್ತೆ ಸಂಶಯ ಬಂದು ಇನ್ನೊಮ್ಮೆ ಒತ್ತಿದೆ. ಅದೇ ಗುಂಡಿ ಎಣಿಕೆಯನ್ನು ನಿಲ್ಲಿಸುತ್ತದೆ, ಅದೇ ಗುಂಡಿ ಶುರುಮಾಡುತ್ತದೆ.

ಫಕೀರವ್ವ ಕೌದಿಯ ಮೂಲೆ ಹಿಡಿದು ಶುರುಮಾಡಿದಳು. ಇದು ಅತ್ತೆಯ ಸೀರೆ, ಇದನ್ನು ಹೊಲಿದ ದಿನ ಗಾಳಿ ಜೋರಾಗಿತ್ತು, ಗುಡ್ಡದ ಮೇಲಿನ ಮೂರನೆಯ ಗಾಳಿಯಂತ್ರ ನಿಂತಿತ್ತು. ಇದು ಗಂಡನ ಧೋತರ. ಈ ಕಲೆ ಬೆಲ್ಲದ ಗಾಣದಲ್ಲಿ ಆದದ್ದು. ಇದರ ಮೇಲೆ ಹೊಲಿಗೆ ಹಾಕುವಾಗ ಅವನ ಕೆಮ್ಮು ಕೇಳಿದಂತಾಗಿ ತಿರುಗಿ ನೋಡಿದರೆ ತಿಪ್ಪವ್ವ ಕಿಟಕಿಯಲ್ಲಿ ನಿಂತಿದ್ದಳು. ಇದು ಕಮಲಾಕ್ಷಿಯ ಲಂಗ, ಅವಳು ಮೊದಲ ದಿನ ಶಾಲೆಯಿಂದ ಓಡಿಬಂದದ್ದು ಇದರಲ್ಲೇ. ರೋಸಲಿನ್ ಮೇಡಂ ಪೆನ್ನು ಕೆಳಗಿಟ್ಟು ಕೇಳತೊಡಗಿದರು.

ಹಸಿರು ಅಂಚಿನ ತೇಪೆಯ ಹತ್ತಿರ ಬಂದಾಗ ಫಕೀರವ್ವನ ಬೆರಳು ನಿಂತಿತು.

"ಇದು?" ಎಂದರು ಮೇಡಂ.

"ಇದು ಪಾರವ್ವ ಕೊಟ್ಟ ಸೀರಿ ರೀ. ಕಮಲಾಕ್ಷಿ ಹೊಟ್ಟ್ಯಾಗಿದ್ದಾಗ ನನ್ನ ಕುಬಸಕ್ಕ ಉಡಿ ತುಂಬಿ ಕೊಟ್ಟಿದ್ಲು. ಆಕಿ ಕೈಯಾಗ ರೊಕ್ಕಿಲ್ಲದ ಕಾಲ ಅದು." ಅಂಚಿನ ಮೇಲೆ ಬೆರಳಾಡಿಸಿದಳು. "ಎರಡ ವರ್ಷ ಗ್ವಾಡಿ ನೋಡಿದೆ, ಒಂದ ದಿನಾನೂ ಪಾರವ್ವ ನೆನಪಿಗೆ ಬರಲಿಲ್ಲರಿ. ನನಗ ನಂದ ಬ್ಯಾಸರ ಇತ್ತು. ಇದನ್ನ ಹಚ್ಚೂಮುಂದ ಬಂದ್ಲು. ಬಂದಾಕಿ ಹೋಗಲಿಲ್ಲ. ಬಾಜೂಕ ಕುಂತು ಸೂಜ್ಯಾಗ ದಾರ ಪೋಣಿಸಿ ಕೊಟ್ಲು. ನಾನು ಆಕಿ ಮಾರಿ ನೋಡಿ ಎಷ್ಟು ಅತ್ತೀನಿ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲರಿ. ಎಲ್ಲಾರೂ ಗ್ವಾಡಿ ನೋಡ್ತಿರ್ತಾರ."

ಆಗ ನಾನು ಪರದೆಯನ್ನು ನೋಡಿದೆ. ನಿಂತಿರಬೇಕಾದ ಕೆಂಪು ಗೆರೆ ಓಡುತ್ತಿತ್ತು. ಓಡುವುದಿರಲಿ, ಒತ್ತೊತ್ತಾಗಿ ಮಿಡಿದು ಪರದೆಯ ಮೇಲಂಚನ್ನು ಮುಟ್ಟಿತ್ತು. ಗೋಡೆ ನೋಡುತ್ತ ಕೂತ ದಿನಗಳಲ್ಲೂ ಅಷ್ಟು ದಟ್ಟ ಮಿಡಿತವನ್ನು ನಾನು ಕಂಡಿರಲಿಲ್ಲ.

ಎಣಿಕೆಯನ್ನು ನಿಲ್ಲಿಸದೆಯೇ ಹೇಳಿಕೆ ತೆಗೆದಿದ್ದೇನೆ, ಯಂತ್ರವನ್ನೂ ಕೆಡಿಸಿರಬೇಕು. ಮೇಡಂಗೆ ಅಲ್ಲೇ ಹೇಳಿದೆ. "ನೀನು ಡಾಕ್ಟರಿಗೆ ಫೋನು ಮಾಡು ಮೊದಲು. ಅಳುವುದು ಆಮೇಲೆ" ಎಂದರು.

* * *

ಡಾ. ಕಟ್ಟಿಯವರು ಮರುದಿನವೇ ಬಂದರು. ಎತ್ತರದ, ಬಾಗಿದ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು ಆ ಗೆರೆಯನ್ನು ಮತ್ತೆ ಮತ್ತೆ ಓಡಿಸಿ ನೋಡಿದರು. ಬೈಗುಳಕ್ಕೆ ಕಾಯುತ್ತ ನಾನು ಪಕ್ಕದಲ್ಲಿ ನಿಂತಿದ್ದೆ. ನೋಡಿ ಮುಗಿಸಿದ ಮೇಲೆ ತಿಪ್ಪವ್ವನನ್ನು ಕರೆಸಲು ಹೇಳಿದರು.

"ಹ್ವಾದ ವರ್ಷ ಪೂರ್ತಿ ನೆನಪು ಮಾಡಿಕೊಂಡು ಹೇಳ್ರಿ ತಿಪ್ಪವ್ವ. ಅವಸರ ಇಲ್ಲ."

ತಿಪ್ಪವ್ವ ಯೋಚಿಸಿದಳು. "ಗ್ವಾಡಿ ನೋಡಿದ್ನಿರಿ" ಎಂದಳು. ಮತ್ತೆ ಯೋಚಿಸಿದಳು. "ಅಷ್ಟರಿ."

ಪರದೆಯ ಮೇಲೆ ಅವಳ ಗೆರೆ ಒಮ್ಮೆ ಮಿಸುಕಿ ಮಲಗಿತು. ಒಂದು ವರ್ಷಕ್ಕೆ ಅಷ್ಟೇ. ತನ್ನ ಗೆರೆಯನ್ನು ತಾನೇ ಕಂಡ ತಿಪ್ಪವ್ವ ಹೊರಗೆ ಹೋಗುವಾಗ ಅದನ್ನು ಮತ್ತೊಮ್ಮೆ ತಿರುಗಿ ನೋಡಿದಳು.

ಕಟ್ಟಿಯವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಇಂದುಮತಿಯವರ, ಯಂತ್ರ ಕೆಟ್ಟಿಲ್ಲ. ನಾ ಅರ್ಧಾ ಅಳದೀನಿ, ಅಷ್ಟ. ಕಾಲ ಎರಡು ಥರಾ ಇರ್ತದ. ಹೋಗೂಮುಂದ ಅನ್ನಸೂದು ಒಂದು, ಹ್ವಾದಮ್ಯಾಲ ಉಳಿಯೂದು ಒಂದು. ಮನುಷ್ಯ ಕೆಲಸದಾಗ ಮುಳಗಿದ್ದಾಗ ಮಿದುಳು ಹೊರಳಿ ನೋಡೂದಿಲ್ಲ, ಖರೆ. ಆದ್ರ ಒಳಗ ಗಂಟು ಹಾಕ್ಕೋತ ಹೋಗ್ತದ. ಆಮ್ಯಾಲ ನೆನಸೂಮುಂದ ಒಂದೊಂದು ಗಂಟೂ ತಟ್ಟಿ ಒಂದೊಂದು ಮಿಡಿತ ಏಳ್ತದ. ಗ್ವಾಡಿ ನೋಡಿದಾಕಿ ಕಡೆ ಗಂಟ ಇಲ್ಲ. ವರ್ಷಗಟ್ಟಲೆ ಎಳದು ಎಳದು ಕಳದ್ಲು, ಈಗ ಹಿಂದ ತಿರಗಿ ನೋಡಿದ್ರ ಒಂದು ಮಧ್ಯಾಹ್ನ."

"ಹಂಗಾರ ಯಾವದನ್ನ ಎಣಸಬೇಕ್ರಿ ಸರ್?"

"ಕಾಯ್ದೆದಾಗ ಏನಂತ ಬರದಾರ?"

"ಅನುಭವಿಸಿದ ಕಾಲ."

"ಯಾವದು ಅಂತ ಬರದಿಲ್ಲಲ್ಲ?"

ಬರೆದಿರಲಿಲ್ಲ. ಅಂದು ಮನೆಗೆ ಹೋಗಿ ಕಾಯ್ದೆಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಎಲ್ಲಿಯೂ ಬರೆದಿರಲಿಲ್ಲ.

* * *

ಕಟ್ಟಿಯವರ ವರದಿ ಲಗತ್ತಿಸಿ ಫಕೀರವ್ವನ ಹೆಸರಿನಲ್ಲಿ ಹಾಕಿದ ಮೇಲ್ಮನವಿ ಬೇಗ ವಿಚಾರಣೆಗೆ ಬಂತು, ಆದರೆ ಆ ಬೇಗವೂ ನನಗೆ ತಡವೇ. ಕಮಲಾಕ್ಷಿಗೆ ಒಂಬತ್ತು ತುಂಬುತ್ತಿತ್ತು. ಸಂತೆಯ ದಿನ ಆಕೆಯ ಮನೆಗೆ ಹಾಯ್ದು ಹೋಗುತ್ತಿದ್ದೆ. ಈಗ ಆಕೆ ದಿನಗಳ ಮಾತೇ ಆಡುತ್ತಿರಲಿಲ್ಲ. "ಅವ್ವಗ ಗಂಟು ಕಳಸಬಾರದಿತ್ತು, ಅಲ್ಲೇನ್ರಿ?" ಎಂದು ಒಮ್ಮೆ ಕೇಳಿದಳು. ಇನ್ನೂ ಎಂಟು ದಿನ ನೋಡೋಣ ಎಂದಷ್ಟೇ ಹೇಳಿ ಬಂದೆ.

ವಿಚಾರಣೆಯ ದಿನ ಸರ್ಕಾರಿ ವಕೀಲರು ಎತ್ತಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. "ಹಾಯಾಗಿ ಹೊಲಿಗೆ ಹಾಕಿಕೊಂಡು ಕೂತವಳ ಶಿಕ್ಷೆಯನ್ನು ಕಡಿಮೆ ಮಾಡಿದರೆ ಸತ್ತವಳಿಗೆ ಏನು ನ್ಯಾಯ ಸಿಕ್ಕಂ‌ತಾಯಿತು?"

ನ್ಯಾಯಾಧೀಶರು ಪಾರವ್ವನ ಗಂಡ ಹನಮಪ್ಪನನ್ನು ಕರೆದರು. ಆತ ಸಾಕ್ಷ್ಯವಾಗಿ ಮೇಜಿನ ಮೇಲಿಟ್ಟಿದ್ದ ಕೌದಿಯ ಹತ್ತಿರ ಬಂದು ಹಸಿರು ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ.

"ಇದು ನಾನ ತಂದ ಸೀರಿ. ಆಕಿ ಉಡಲಿಲ್ಲ, ಈಕಿ ಕುಬಸಕ್ಕ ಕೊಟ್ಲು. ಆವತ್ತ ನಾನು ಆಕಿನ್ನ ಬೈದಿದ್ದೆ." ಅಷ್ಟು ಹೇಳಿ ಫಕೀರವ್ವನ ಕಡೆ ತಿರುಗದೆ ಮುಂದುವರಿಸಿದ. "ಈಕಿನ್ನ ಬಿಡ್ರಿ ಅಂತ ನಾ ಹೇಳೂದಿಲ್ಲ, ಬಿಡಬ್ಯಾಡ್ರಿ ಅಂತನೂ ಹೇಳೂದಿಲ್ಲ. ಒಳಗ ಕುಂತು ಆಕಿನ್ನ ನೆನಸ್ಯಾಳ ಅಂದ್ರಲ್ಲ, ಅದೊಂದು ಚಲೋ ಆತು."

ನ್ಯಾಯಾಧೀಶರು ಕೊನೆಗೆ ಫಕೀರವ್ವನನ್ನೇ ಕೇಳಿದರು. "ನೀನು ಒಳಗೆ ಎಷ್ಟು ಕಾಲ ಇದ್ದಂತೆ ಅನ್ನಿಸುತ್ತದೆ?"

"ಗ್ವಾಡಿ ನೋಡಿದ್ದು ಒಂದು ಮಧ್ಯಾನ ರೀ ಸಾಹೇಬ್ರ" ಎಂದಳು ಆಕೆ. "ಕೌದಿ ಹೊಲದದ್ದು ಒಂದು ಜಲ್ಮ."

ಆದೇಶ ಹೊರಬಿದ್ದದ್ದು ಯುಗಾದಿಯ ಹಿಂದಿನ ವಾರ. ಎರಡೂ ಕಾಲಗಳನ್ನು ಅಳೆಯಬೇಕು. ಯಾವುದು ಹೆಚ್ಚೋ ಅದನ್ನು ಶಿಕ್ಷೆಯಲ್ಲಿ ಕಳೆಯಬೇಕು. ರೊಟ್ಟಿಯ ಚೂರಿನ ಬಗ್ಗೆ ಒಂದೇ ಸಾಲು: ಕೌದಿಗೆ ಊಟ ಹಾಕಿದ್ದು ಅಪರಾಧವಲ್ಲ. ಕಟ್ಟಿಯವರು ಹೊಸ ಲೆಕ್ಕ ಹಾಕಿ ನನ್ನ ಕೈಗೆ ಕೊಟ್ಟರು. ಫಕೀರವ್ವನ ಶಿಕ್ಷೆ ಆಗಲೇ ತೀರಿ ಕೆಲವು ದಿನಗಳು ಕಳೆದಿದ್ದವು.

ಆದರೆ ಕೂಸು ಆದೇಶಕ್ಕೆ ಕಾದಿರಲಿಲ್ಲ. ಕಾಗದಕ್ಕೆ ಸಹಿ ಬೀಳುವ ಹಿಂದಿನ ದಿನವೇ ಕಮಲಾಕ್ಷಿ ಹೆತ್ತಿದ್ದಳು. ಹೆಣ್ಣು. ಇಬ್ಬರೂ ಕ್ಷೇಮ. ಅದನ್ನು ಫಕೀರವ್ವನಿಗೆ ಹೇಳಿದವಳೂ ನಾನೇ. ಹೆರಿಗೆಯ ಹೊತ್ತಿಗೆ ತಾಯಿಯನ್ನು ಮುಟ್ಟಿಸಬೇಕೆಂದು ಇಷ್ಟೆಲ್ಲ ಮಾಡಿ, ಒಂದು ದಿನದಿಂದ ತಪ್ಪಿತ್ತು.

ಫಕೀರವ್ವ ಕಿವಿಯ ಹಿಂದೆ ಬಿಲ್ಲೆ ಇದ್ದ ಜಾಗವನ್ನು ಕೆರೆದುಕೊಂಡಳು. "ಹಡಿಯೂದು ಒಂದು ದಿನದ್ದು ಅಕ್ಕಾರ. ಬಾಣಂತನ ಭಾಳ ದಿನದ್ದು. ನಡೀರಿ, ನೀರ ಕಾಸಬೇಕು."

* * *

ಬೆಟಗೇರಿಯ ಆ ಒಂದೇ ಕೋಣೆ ಮನೆಯಲ್ಲಿ ಅಜವಾನದ ಹೊಗೆ ತುಂಬಿತ್ತು. ಕಮಲಾಕ್ಷಿ ತಾಯಿಯನ್ನು ನೋಡಿ ಮೊದಲು ಅತ್ತಳು, ಆಮೇಲೆ ಬೈದಳು. "ಎಷ್ಟು ಹೊತ್ತಿಗೆ ಬಂದಿ ನೋಡು!"

"ಬಂದಿನಲ್ಲ. ಕಾಲ ಚಾಚು, ಬಾವು ನೋಡ್ತೀನಿ."

ಎರೆದು, ಹೊಗೆ ಹಾಕಿ, ಮಗಳನ್ನು ಮಲಗಿಸಿದ ಮೇಲೆ ಫಕೀರವ್ವ ಕೌದಿ ಬಿಚ್ಚಿದಳು. ನಡುವಿನಲ್ಲಿ ಮೇಡಂ ಬಿಡಿಸಿದ ತೇಪೆ ಬಾಯಿ ತೆರೆದುಕೊಂಡೇ ಇತ್ತು. ಒಲೆಯ ಮೇಲಿಂದ ಅಂದಿನ ಜೋಳದ ರೊಟ್ಟಿಯ ಚೂರು ಮುರಿದು ನನ್ನ ಕೈಗೆ ಕೊಟ್ಟಳು.

"ನೀವ ಇಡ್ರಿ. ಗಂಟು ತಂದು ಕೊಟ್ಟಾಕಿ ನೀವು."

ಸರಿಯಾಗಿ ನಡುವೆ ಇಟ್ಟೆನೇ ಎಂದು ಸಂಶಯ ಬಂದು ಚೂರನ್ನು ಎರಡು ಸಲ ಸರಿಸಿದೆ. ಫಕೀರವ್ವ ನಕ್ಕಳು. ಮೇಲೆ ತೇಪೆ ಮುಚ್ಚಿ ಹೊಲಿಗೆ ಹಾಕಿದಳು. ಕೂಸನ್ನು ಅದರ ಮೇಲೆ ಹಾಕಿದಾಗ ಅದು ಕಾಲು ಝಾಡಿಸಿ, ಆಕಳಿಸಿ, ಮಲಗಿತು. ನಾನು ಹೊರಗೆ ಬಂದಾಗ ಕತ್ತಲಾಗತೊಡಗಿತ್ತು. ಮನೆಯೊಳಗೆ ಹೋಗಿ ಅಷ್ಟು ಹೊತ್ತಾಗಿದೆ ಎಂದು ಅನ್ನಿಸಿಯೇ ಇರಲಿಲ್ಲ.

ಕೆಲಸ ಉಳಿದಿತ್ತು, ನೇರ ನಿಯಂತ್ರಣ ಕೊಠಡಿಗೆ ಹೋದೆ. ಪರದೆ ನೋಡಿದೆ. ತಿಪ್ಪವ್ವನ ಕೆಂಪು ಗೆರೆ, ನಾನು ಆ ಕುರ್ಚಿಯಲ್ಲಿ ಕೂತಂದಿನಿಂದ, ಕಟ್ಟಿಯವರ ಆ ಪರೀಕ್ಷೆಯ ಹೊತ್ತು ಬಿಟ್ಟರೆ, ಒಮ್ಮೆಯೂ ಕೆಳಗಿಳಿಯದ ಗೆರೆ, ನೆಲ ಕಚ್ಚಿತ್ತು. ಏನಾಗಿರಬಹುದೆಂದು ಎಲ್ಲ ಕೆಟ್ಟದ್ದನ್ನೂ ಯೋಚಿಸುತ್ತ ಬ್ಯಾರಕ್ಕಿನ ಕಡೆ ಓಡಿದೆ.

ಹಜಾರದಲ್ಲೇ ಸದ್ದು ಕೇಳಿಸಿತು. ಹೆಂಗಸರೆಲ್ಲ ವರ್ತುಲವಾಗಿ ಕೂತಿದ್ದರು. ಯಾರದೋ ಹಳೆಯ ಸೀರೆ ನಡುವೆ ಹಾಸಿತ್ತು. ಸೂಜಿ ಬೆಳಿಗ್ಗೆ ಸಿಗುವ ತನಕ ಕಾಯಲಾರದೆ ತೇಪೆಗಳನ್ನು ಆಗಲೇ ಜೋಡಿಸಿಡುತ್ತಿದ್ದರು. ತಿಪ್ಪವ್ವ ನಡುವೆ ಕೂತು ಒಬ್ಬ ಹೊಸಬಳ ಕೈಯಿಂದ ತೇಪೆ ಕಿತ್ತುಕೊಂಡಳು.

"ಇದು ತ್ಯಾಪಿ ಇಡೂ ರೀತಿ ಏನ? ಎಮ್ಮಿ ಬೆನ್ನಿಗೆ ಹಪ್ಪಳ ಒಣ ಹಾಕಿದಂಗ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ತಿಪ್ಪವ್ವ.